ಎರಡನೆಯ ಟ್ಯೂಬು

ಮೇ 6, ಮಂಗಳವಾರ

ಲ್ಯಾಬಿನ ಫ್ರೀಜರ್ ಬಾಗಿಲು ಮತ್ತೆ ಸರಿಯಾಗಿ ಕೂರುತ್ತಿಲ್ಲ. ಸೊಂಟದಿಂದ ಒಂದು ತಳ್ಳು ಕೊಟ್ಟರೆ ಮುಚ್ಚುತ್ತದೆ. ಅದಕ್ಕೂ ವಯಸ್ಸಾಯಿತು, ನನಗೂ. ಇಪ್ಪತ್ತೆರಡು ಟ್ಯೂಬ್ ಇಳಿಸಿದೆವು. ಎಲ್ಲ ಸತ್ತವರ ರಕ್ತ. ಅದರಲ್ಲಿ ಏನಿತ್ತು ಎಂದು ಹೇಳುವುದಷ್ಟೇ ನಮ್ಮ ವಿಭಾಗದ ಕೆಲಸ. ಯಾಕೆ ಸತ್ತರು ಎಂಬುದನ್ನು ಬೇರೆಯವರು ಬರೆಯುತ್ತಾರೆ. ಇಪ್ಪತ್ತೇಳು ವರ್ಷದಿಂದ ಹೀಗೇ ಹೇಳಿಕೊಂಡು ಬಂದಿದ್ದೇನೆ. ಈಗೀಗ ಬಾಯಿಪಾಠ ಒಪ್ಪಿಸಿದ ಹಾಗೆ ಕೇಳುತ್ತದೆ.

ಇವತ್ತಿನ ಬ್ಯಾಚಿನಲ್ಲಿ ಐದು ಆತ್ಮಹತ್ಯೆ. ಮೂವರ ಪೊಲೀಸ್ ಕಾಗದದಲ್ಲಿ ಅದೇ ಒಂದು ಸಾಲು — ‘ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದರು.’ ಮೂವರ ರಕ್ತದಲ್ಲೂ ಖಿನ್ನತೆಯ ಮಾತ್ರೆಯ ಸುಳಿವಿಲ್ಲ. ನಮ್ಮ ರಿಪೋರ್ಟಿನಲ್ಲಿ ಸಿಕ್ಕಿದ್ದಕ್ಕೆ ಮಾತ್ರ ಜಾಗ. ಇರಬೇಕಾದದ್ದು ಇರಲಿಲ್ಲ ಎಂದು ಬರೆಯುವುದಕ್ಕೆ ಒಂದು ಗೆರೆಯೂ ಇಲ್ಲ.

ಕನ್ನಡಕಕ್ಕೆ ಹೇಳಿದೆ. ಕನ್ನಡಕ ಎಂದರೆ ಪಕ್ಕದ ಮೇಜಿನವರು. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ, ಹುಡುಕಾಟ ಯಾವಾಗಲೂ ಮೂರನೆಯದಕ್ಕೆ.

“ಮೇಡಂ, ಇಲ್ದೇ ಇರೋದನ್ನೆಲ್ಲ ಎಣಿಸ್ತಾ ಕೂತ್ರೆ ನಾವು ಮನೆಗೆ ಹೋಗೋದು ಯಾವಾಗ?”

ಮನೆಗೆ ಬಂದಾಗ ಆರೂವರೆ. ತಂಗಿ ಕಿಟಕಿ ಪಕ್ಕ ಕೂತು ಪ್ರೂಫ್ ನೋಡುತ್ತಿದ್ದಳು. ಶಾಲೆಯ ಪುಸ್ತಕ, ಭೂಗೋಳ. ಸಾಲಿನ ಕೆಳಗೆ ಸ್ಕೇಲು, ಕೈಯಲ್ಲಿ ಕೆಂಪು ಪೆನ್ನು.

“ಅಕ್ಕಾ, ಇವ್ರು ನದೀನ ಬೆಟ್ಟ ಹತ್ತಿಸಿದಾರೆ ನೋಡು.”

ಇಬ್ಬರೂ ನಕ್ಕೆವು. ಅವಳು ನಕ್ಕ ದಿನ ಗುರುತು ಹಾಕಿಕೊಳ್ಳುವ ಚಟ ನನಗೆ. ಇವತ್ತು ಒಂದು.

ಮೇ 9, ಶುಕ್ರವಾರ

ಎಣಿಸಿಯೇ ಬಿಟ್ಟೆ. ಮೂರು ಸಂಜೆ ಹಳೆಯ ಫೈಲು ತಿರುವಿ ಹಾಕಿದೆ. ಧೂಳಿಗೆ ಗಂಟಲು ಕಟ್ಟಿದೆ.

ಕಳೆದ ಹದಿನಾಲ್ಕು ತಿಂಗಳಲ್ಲಿ, ಆತ್ಮಹತ್ಯೆ ಎಂದು ತೀರ್ಮಾನವಾದವರಲ್ಲಿ, ಖಿನ್ನತೆಗೆ ಮಾತ್ರೆ ಬರೆಸಿಕೊಂಡಿದ್ದವರು ಮೂವತ್ತೊಂದು. ಹತ್ತೊಂಬತ್ತು ಜನರ ರಕ್ತದಲ್ಲಿ ಮಾತ್ರೆ ಇಲ್ಲ.

ಹತ್ತೊಂಬತ್ತು! ಅಂದರೆ ಡಾಕ್ಟರು ಬರೆದರು, ಮನೆಯವರು ತಂದರು, ಇವರು ನುಂಗಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ನಮ್ಮ ಮೇಜಿನ ಮೇಲೆ, ಎಲ್ಲ ಮುಗಿದ ಮೇಲೆ.

ಬಹಳ ದಿನದ ನಂತರ ಕೆಲಸದಲ್ಲಿ ಒಂದು ಅರ್ಥ ಕಂಡಿತು. ಸತ್ತವರ ರಕ್ತ ಬದುಕಿರುವವರಿಗೆ ಏನಾದರೂ ಹೇಳಬಹುದು ಅನ್ನಿಸಿತು. ಹೆಮ್ಮೆಯೂ ಆಯಿತು. ಆಗಲಿ ಬಿಡು, ಇಲ್ಲಿ ಯಾರು ನೋಡುತ್ತಾರೆ.

ಮೇ 12, ಸೋಮವಾರ

ನಾಲ್ಕು ಪುಟದ ಟಿಪ್ಪಣಿ ಬರೆದು ನಮ್ಮ ವಿಭಾಗದ ಸಾಹೇಬರ ಮುಂದಿಟ್ಟೆ. ಇವರನ್ನು ನಾವೆಲ್ಲ ಪೆಂಡಿಂಗ್ ಸಾಹೇಬರು ಎನ್ನುವುದು. ನಮಸ್ಕಾರ ಅಂದರೂ ‘ಪೆಂಡಿಂಗ್ ಎಷ್ಟು?’ ಎಂದೇ ಉತ್ತರ. ಇವತ್ತು ಕೇಳಲಿಲ್ಲ. ಎರಡು ಸಲ ಓದಿದರು.

“ಇದು ಆರೋಗ್ಯ ಇಲಾಖೆಗೆ ಹೋಗ್ಬೇಕಮ್ಮಾ. ಮಾತ್ರೆ ಎದುರಲ್ಲೇ ನುಂಗಿಸಿ ಅಂತ ಮನೆಯೋರಿಗೆ ಹೇಳ್ಲಿ. ನಮ್ಮ ಲ್ಯಾಬಿಗೂ ಒಂದು ಹೆಸರು.”

ಹೊಗಳಿಸಿಕೊಂಡು ಎಷ್ಟು ವರ್ಷವಾಯಿತೋ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಹತ್ತೊಂಬತ್ತು ಮನೆಗಳಲ್ಲೂ ಯಾರೋ ಒಬ್ಬರು ‘ನುಂಗುತ್ತಿದ್ದಾರೆ’ ಎಂದೇ ನಂಬಿದ್ದರು. ನಾನೂ ನಂಬಿದ್ದೇನೆ.

ಎರಡು ವರ್ಷದ ಹಿಂದೆ, ಜುಲೈ. ಸಾಯಬೇಕೆಂದು ಹೊರಟ ತಂಗಿ ಉಳಿದಳು. ಆಸ್ಪತ್ರೆಯ ಬೆಂಚಿನ ಮೇಲೆ ಹನ್ನೊಂದು ದಿನ ಕೂತೆ. ಆಮೇಲೆ ಅವಳ ಮನೆ ಖಾಲಿ ಮಾಡಿಸಿ ನನ್ನ ಜೊತೆ ಕರೆತಂದೆ. ಅಂದಿನಿಂದ ಆ ವಿಷಯ ನಾವಿಬ್ಬರೂ ಎತ್ತಿಲ್ಲ. ಎಂಟು ತಿಂಗಳಿಂದ ಡಾಕ್ಟರು ಹೊಸ ಮಾತ್ರೆ ಕೊಟ್ಟಿದ್ದಾರೆ. ಬೆಳಗ್ಗೆ ಒಂದು. ‘ತಗೊಂಡ್ಯಾ?’ ಅಂದರೆ ‘ಹೂಂ’ ಅನ್ನುತ್ತಾಳೆ. ಆ ಹೂಂ ಮೇಲೆ ನನ್ನ ಸಂಸಾರ ನಿಂತಿದೆ.

ಮೇ 14, ಬುಧವಾರ

ತಂಗಿಗೆ ಥೈರಾಯ್ಡ್ ಪರೀಕ್ಷೆ ಇತ್ತು. ರಜೆ ಹಾಕಿ ಜೊತೆಗೆ ಹೋದೆ. ರಕ್ತ ತೆಗೆಯುವವನಿಗೆ ನನ್ನ ಪರಿಚಯ, ಹಿಂದೆ ನಮ್ಮಲ್ಲಿ ತರಬೇತಿಗೆ ಬಂದಿದ್ದ.

“ಇನ್ನೊಂದು ಟ್ಯೂಬ್ ತೆಗೀಪ್ಪಾ. ಬೇರೆ ಟೆಸ್ಟ್ ಇದೆ.”

ತಂಗಿ ತೋಳು ಚಾಚಿಕೊಂಡೇ ನನ್ನ ಕಡೆ ನೋಡಿದಳು. “ಎಷ್ಟು ರಕ್ತ ಬೇಕೇ ನಿಂಗೆ? ಆಫೀಸಲ್ಲಿ ಸಿಗೋದು ಸಾಲಲ್ವಾ?”

ಅವನೂ ನಕ್ಕ. ನಾನೂ ಹಲ್ಲು ಕಿರಿದೆ. ಟ್ಯೂಬು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಬೆಚ್ಚಗಿತ್ತು. ನಮ್ಮ ಕಡೆ ಬರುವ ಟ್ಯೂಬುಗಳು ಬೆಚ್ಚಗಿರುವುದಿಲ್ಲ.

ತಪ್ಪು ಎಂದು ಗೊತ್ತು. ಗೊತ್ತಿದ್ದೇ ಮಾಡುತ್ತಿದ್ದೇನೆ.

ಮೇ 16, ಶುಕ್ರವಾರ, ಮಧ್ಯಾಹ್ನ

ಬ್ಯಾಚಿನ ಮಧ್ಯೆ, ಮೆಷಿನ್ನನ್ನು ತಾಳೆ ನೋಡಲು ಹಾಕುವ ಮಾದರಿ ಎಂಬಂತೆ, ‘ಕಂಟ್ರೋಲ್ 7’ ಎಂದು ನಂಬರ್ ಕೊಟ್ಟು ಓಡಿಸಿದೆ. ಇಪ್ಪತ್ತು ಸತ್ತವರು, ಒಬ್ಬಳು ತಂಗಿ. ಮೆಷಿನ್ ಮುಂದೆ ಅಷ್ಟು ಹೊತ್ತು ನಿಂತದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾತ್ರ.

ಕಾಗದ ಬಂತು. ಖಿನ್ನತೆಯ ಮಾತ್ರೆಗಳು — ಎಲ್ಲ ಸೊನ್ನೆ. ಚಪ್ಪಟೆ ಗೆರೆ.

ಕನ್ನಡಕ ಕೇಳಿದರು, “ಏನ್ ಮೇಡಂ, ಬಿಪಿ ಏನಾದ್ರೂ?” ಇಲ್ಲ ರೀ, ಬಿಸಿಲು ಅಂದೆ. ಒಳಗೆ ಎಂಥ ಬಿಸಿಲು. ಎಸಿ ಹದಿನೆಂಟರಲ್ಲಿತ್ತು.

ಎಂಟು ತಿಂಗಳು ಸುಳ್ಳು ಹೇಳಿದ್ದಾಳೆ. ಮಾತ್ರೆ ಎಲ್ಲಿ ಹಾಕುತ್ತಿದ್ದಾಳೆ? ಕೂಡಿಡುತ್ತಿದ್ದಾಳೆಯೇ? ಯಾತಕ್ಕೆ?... ಮುಂದೆ ಬರೆಯಲಾರೆ.

ಮೇ 17, ಶನಿವಾರ

ಅವಳು ಸ್ನಾನಕ್ಕೆ ಹೋದಾಗ ಹಾಸಿಗೆ ಎತ್ತಿ ನೋಡಿದೆ. ಡ್ರಾಯರು, ಚೀಲ, ಚಳಿಗಾಲದ ಬಟ್ಟೆಗಳ ಜೇಬು, ಪ್ರೂಫಿನ ಕಟ್ಟು. ಕಳ್ಳಿಯ ಹಾಗೆ. ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಸಮಾಧಾನವಾಗಬೇಕಿತ್ತು, ಭಯ ಹೆಚ್ಚಾಯಿತು. ಹದಿನೈದು ಗುಳಿಗೆಯ ಪಟ್ಟಿಯಲ್ಲಿ ಸರಿಯಾಗಿ ಎಂಟು ಖಾಲಿ. ಎಷ್ಟು ಹುಷಾರು ಎಂದುಕೊಂಡೆ.

ಬೆಳಗ್ಗೆ ನಾನೇ ಮಾತ್ರೆ, ನೀರು ಹಿಡಿದು ಎದುರು ನಿಂತೆ.

“ಏನಿದು ಹೊಸ ಉಪಚಾರ?”

“ನುಂಗು.”

ನುಂಗಿದಳು.

“ಬಾಯಿ ತೆಗಿ.”

ನನ್ನನ್ನೇ ನೋಡಿದಳು. ಆಮೇಲೆ ಬಾಯಿ ತೆಗೆದಳು. ನಾಲಿಗೆಯನ್ನೂ ಎತ್ತಿ ತೋರಿಸಿದಳು. ನಲವತ್ತಾರು ವರ್ಷದವಳು. ಚಿಕ್ಕವಳಿದ್ದಾಗ ಅವಳ ಅಲುಗಾಡುವ ಹಲ್ಲು ನೋಡಲು ಬಾಯಿ ತೆಗೆಸಿದ್ದು ಬಿಟ್ಟರೆ ಮತ್ತೆ ಇವತ್ತೇ.

ಮೇ 20, ಮಂಗಳವಾರ

ದಿನವೂ ಅದೇ. ಮಾತ್ರೆ, ನೀರು, ಬಾಯಿ. ಮಾತು ಕಡಿಮೆಯಾಗಿದೆ. ಪುಸ್ತಕದ ತಪ್ಪುಗಳನ್ನು ನನಗೆ ಓದಿ ಹೇಳುತ್ತಿಲ್ಲ.

ಟಿಪ್ಪಣಿ ಇಲಾಖೆಗೆ ಹೋಯಿತಂತೆ. ಸುತ್ತೋಲೆ ತಯಾರಾಗುತ್ತಿದೆಯಂತೆ. ಸಾಹೇಬರು ಕರೆದು ಟೀ ಕೊಟ್ಟರು.

ಮೇ 23, ಶುಕ್ರವಾರ

ಗೇಟಿನ ಹತ್ತಿರ ಒಬ್ಬರು. ಕೊರಳಲ್ಲಿ ಅಳತೆ ಟೇಪು ಹಾಗೇ ಇದೆ. ಹೊಲಿಯುತ್ತಿದ್ದವರು ಎದ್ದು ಬಂದುಬಿಟ್ಟಿದ್ದಾರೆ. ದರ್ಜಿ. ಐವತ್ತೈದು ಇರಬಹುದು. ಗಾರ್ಡ್ ಹೇಳಿದ — ಮೂರನೆಯ ದಿನ ಬರುತ್ತಿದ್ದಾರಂತೆ. ಮಾರ್ಚಿನಲ್ಲಿ ಅವರ ಹೆಂಡತಿ ತೀರಿಕೊಂಡರು. ಆತ್ಮಹತ್ಯೆ. ನಮ್ಮ ಪಾಲು ರಕ್ತ ನೋಡುವುದಷ್ಟೇ. ರಿಪೋರ್ಟಿನ ಕೆಳಗೆ ಸಹಿ ನನ್ನದು. ಹತ್ತೊಂಬತ್ತರಲ್ಲಿ ಒಬ್ಬರು.

“ಅಮ್ಮಾ, ಒಂದೇ ಮಾತು. ದಿನಾ ನನ್ ಕೈಯಾರೆ ಮಾತ್ರೆ ಕೊಟ್ಟಿದೀನಿ. ನಿಮ್ಮ ರಿಪೋರ್ಟಲ್ಲಿ, ರಕ್ತದಲ್ಲಿ ಸಿಕ್ಕಿದ್ದರ ಸಾಲಲ್ಲಿ, ಅದು ಇಲ್ವಂತೆ. ನನ್ ಭಾವಮೈದ ಹೇಳ್ತಾನೆ, ನೀನು ಕೊಟ್ಟೇ ಇಲ್ಲ, ಸಾಯ್ಲಿ ಅಂತ ಬಿಟ್ಟೆ ಅಂತ. ನಾನು ಕೊಟ್ಟಿದ್ದು ಎಲ್ಲಿ ಹೋಯ್ತು?”

ಕೇಸಿನವರ ಜೊತೆ ಮಾತಾಡಬಾರದು ಎಂಬುದು ನಿಯಮ. “ಕಚೇರಿಗೆ ಬರೆದು ಕೊಡಿ” ಎಂದೆ. ತಲೆ ತಗ್ಗಿಸಿ ಒಳಗೆ ಬಂದೆ. ನುಂಗಿದ ಹಾಗೆ ಮಾಡಿ ಹೆಂಡತಿ ಉಗುಳಿರುತ್ತಾಳೆ, ಪಾಪ ಇವರಿಗೆ ಗೊತ್ತಿಲ್ಲ — ಹೀಗೆಂದುಕೊಂಡೆ. ನನಗೆ ಗೊತ್ತಾಯಿತು, ಇವರಿಗೆ ಗೊತ್ತಾಗಲಿಲ್ಲ. ಅಷ್ಟೇ ವ್ಯತ್ಯಾಸ ಎಂದೂ ಅಂದುಕೊಂಡೆ.

ಜೂನ್ 4, ಬುಧವಾರ

ಹನ್ನೆರಡು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಮಾತ್ರೆ, ನೀರು, ಬಾಯಿ.

ಇವತ್ತು ಸಿಡಿಯಿತು. ಥೈರಾಯ್ಡಿನ ಕಾಗದ ಬಂದಿತ್ತು. ಪ್ರೂಫ್ ನೋಡುವ ಕಣ್ಣು, ಸುಮ್ಮನೆ ಬಿಡುತ್ತದೆಯೇ.

“ಎರಡು ಟ್ಯೂಬ್ ಕೊಟ್ಟೆ. ಇಲ್ಲಿ ಒಂದರದ್ದೇ ಇದೆ. ಇನ್ನೊಂದು ಎಲ್ಲಿ ಅಕ್ಕಾ?”

ಬಾಯಿಗೆ ಸುಳ್ಳು ಬರಲಿಲ್ಲ. ಹೇಳಿಬಿಟ್ಟೆ. ಕಂಟ್ರೋಲ್ 7. ಸೊನ್ನೆ. ಎಲ್ಲ.

ಕಾಗದ ಮಡಿಚಿ ಪಕ್ಕಕ್ಕಿಟ್ಟಳು.

“ಸತ್ತೋರ ಸಾಲಲ್ಲಿ ನನ್ ರಕ್ತ ಇಟ್ಯಾ?”

“ಭಯ ಆಯ್ತು ಕಣೇ.”

“ಎಂಟು ತಿಂಗಳು. ಒಂದು ದಿನ ತಪ್ಪಿಸಿಲ್ಲ ನಾನು.”

“ಮೆಷಿನ್ ಸುಳ್ಳು ಹೇಳಲ್ಲ.”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ತಡವಾಗಿತ್ತು.

“ಹಾಗಾದ್ರೆ ಸುಳ್ಳು ನಾನು ಹೇಳ್ತೀನಿ ಅಂತಾಯ್ತು. ಹದಿನೆಂಟು ದಿನದಿಂದ ಬಾಯಿ ತೆಗಿಸ್ತಿದೀಯಲ್ಲ, ನಾಯಿ ಬಾಯಿ ನೋಡಿದ ಹಾಗೆ, ಇದಕ್ಕೇನಾ? ಒಂದು ಮಾತು ಕೇಳೋಕೆ ಆಗ್ಲಿಲ್ವಾ ನಿಂಗೆ?”

ಮಾತ್ರೆಯ ಪಟ್ಟಿ ತಂದು ನನ್ನ ಮಡಿಲಿಗೆ ಎಸೆದಳು. “ತಗೊಂಡ್ಹೋಗು. ಇದನ್ನೂ ಕೇಳು ನಿನ್ ಮೆಷಿನ್‌ನ. ಇದು ಮಾತ್ರೆ ಹೌದೋ ಅಲ್ವೋ ಅಂತ.”

ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದು. ಎರಡು ವರ್ಷದಲ್ಲಿ ಮೊದಲ ಸಲ. ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಒಳಗೆ ಪುಟ ತಿರುವುವ ಸದ್ದು ಬರುತ್ತಿದೆ. ಬರುತ್ತಿರಲಿ.

ಜೂನ್ 5, ಗುರುವಾರ, ಬೆಳಗ್ಗೆ 11.20

ಕೋಪಕ್ಕೇ ಮಾಡಿದೆ. ತೋರಿಸೇ ಬಿಡುತ್ತೇನೆ ಎಂದು. ಪಟ್ಟಿಯಿಂದ ಒಂದು ಮಾತ್ರೆ ತೆಗೆದು ಪುಡಿ ಮಾಡಿ, ಕರಗಿಸಿ, ಯಾವ ಔಷಧವೂ ಇಲ್ಲದ ರಕ್ತಕ್ಕೆ ಬೆರೆಸಿ ಹಾಕಿದೆ. ಗೆರೆ ಬೆಟ್ಟದ ಹಾಗೆ ಏಳಬೇಕು.

ಸೊನ್ನೆ.

ಮತ್ತೆ ಹಾಕಿದೆ. ಸೊನ್ನೆ. ಕನ್ನಡಕವನ್ನು ಕರೆದೆ. ಅವರ ಕೈಯಿಂದ ಹಾಕಿಸಿದೆ. ಸೊನ್ನೆ.

ಮಾತ್ರೆಯನ್ನೇ ಮೆಷಿನ್ನಿನ ಬಾಯಿಗೆ ಹಾಕಿದ್ದೇನೆ. ಏನೂ ಇಲ್ಲ ಅನ್ನುತ್ತಿದೆ.

ಅದೇ ದಿನ, ಮಧ್ಯಾಹ್ನ 3

ಇಬ್ಬರೂ ಕೂತು ಬಿಚ್ಚಿ ನೋಡಿದೆವು. ಬಿಚ್ಚುವುದಕ್ಕೇನಿದೆ, ಕಣ್ಣ ಮುಂದೆ ಇತ್ತು. ನಮ್ಮ ಮೆಷಿನ್ ಹುಡುಕು ಎಂದದ್ದನ್ನು ಮಾತ್ರ ಹುಡುಕುತ್ತದೆ. ಅದಕ್ಕೆ ಒಂದು ಲಿಸ್ಟ್ ಕೊಟ್ಟಿರುತ್ತೇವೆ. ‘ಖಿನ್ನತೆಯ ಮಾತ್ರೆಗಳು, ಎಲ್ಲ’ ಎಂದು ತಲೆಬರಹ. ಐದು ವರ್ಷದ ಹಿಂದೆ ನಾನೇ ಬರೆದದ್ದು. ಆಗ ಎಲ್ಲವೂ ಇತ್ತು. ಈ ಹೊಸ ಮಾತ್ರೆ ಆಮೇಲೆ ಬಂದದ್ದು. ಲಿಸ್ಟಿನಲ್ಲಿಲ್ಲ. ಪೊಲೀಸ್ ಕಾಗದದಲ್ಲಿ ಮಾತ್ರೆಯ ಹೆಸರು ಬರೆಯುವುದಿಲ್ಲ, ನಾವೂ ಕೇಳುವುದಿಲ್ಲ. ‘ಎಲ್ಲ’ ಎಂದಿದೆಯಲ್ಲ, ಟಿಕ್ ಹಾಕಿ ಮುಂದೆ.

ಹೊಸ ಮಾತ್ರೆಯನ್ನು ಮೆಷಿನ್ನಿಗೆ ಗುರುತು ಮಾಡಿಸಲು ಅದರ ಶುದ್ಧ ಮಾದರಿ ಬೇಕು. ತರಿಸಿರಲಿಲ್ಲವೇ? ತರಿಸಿದ್ದೆ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಹಿಂದುಗಡೆ, ಪುಟ್ಟ ಶೀಶೆ, ಸೀಲು ಒಡೆದಿಲ್ಲ. ಮೇಲೆ ನನ್ನದೇ ಅಕ್ಷರ — ‘ರಜೆ ಮುಗಿಸಿ ಬಂದು ಸೇರಿಸಬೇಕು.’ ತಾರೀಖು ಎರಡು ವರ್ಷದ ಹಿಂದಿನ ಜುಲೈ.

ಆಸ್ಪತ್ರೆಯಿಂದ ಫೋನ್ ಬಂದ ದಿನ. ಇಷ್ಟು ಗೀಚಿ ಪೆನ್ನು ಮುಚ್ಚದೆ ಓಡಿದ್ದೆ. ಮರಳಿ ಬಂದಾಗ ಶೀಶೆ ಮರೆತಿತ್ತು.

ಕನ್ನಡಕ ಕುರ್ಚಿ ಹಿಂದಕ್ಕೆ ತಳ್ಳಿದರು. ಎರಡೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಅದೇ ದಿನ, ಸಂಜೆ

ತಪ್ಪಾಯಿತು ಎಂದು ತಂಗಿಗೆ ಹೇಳಿದೆ. ಬಾಗಿಲಲ್ಲಿ ನಿಂತೇ, ಚಪ್ಪಲಿ ಕೂಡ ಬಿಡದೆ. ಮೆಷಿನ್ನಿಗೆ ಆ ಮಾತ್ರೆ ಗೊತ್ತೇ ಇರಲಿಲ್ಲ, ಗೊತ್ತು ಮಾಡಿಸಬೇಕಾದವಳು ನಾನು, ನೀನು ಹೇಳಿದ್ದೇ ನಿಜ ಎಂದೆ.

“ಸರಿ. ಈಗ ಗೊತ್ತಾಯ್ತಲ್ಲ.”

ಅಷ್ಟೇ. ಮತ್ತೆ ಪ್ರೂಫಿಗೆ ಬಗ್ಗಿದಳು. ಅಡುಗೆಮನೆಯಿಂದ ನೋಡುತ್ತಲೇ ಇದ್ದೆ. ಒಂದು ಗಂಟೆಯಾದರೂ ಸ್ಕೇಲು ಅದೇ ಸಾಲಿನ ಕೆಳಗಿತ್ತು.

ಇವಳನ್ನು ಕಾಯುತ್ತೇನೆ ಎಂದು ಹೊರಟೆ. ಏನು ಮಾಡಿಟ್ಟೆ ನಾನು?

ಜೂನ್ 6, ಶುಕ್ರವಾರ

ಸಾಹೇಬರಿಗೆ ಹೇಳಿದೆ. ಟ್ಯೂಬಿನ ವಿಷಯವನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ನಡೆಯುತ್ತಿತ್ತು. ಆದರೆ ಮೂರು ವಾರದಿಂದ ಮುಚ್ಚಿಟ್ಟದ್ದು ಸಾಕಾಗಿತ್ತು.

“ಕೊಟ್ಟ ಟಿಪ್ಪಣಿ ವಾಪಸ್ ತಗೊಂಡ್ರೆ ನಮ್ಮ ಮೂಗು ನಾವೇ ಕೊಯ್ಕೊಂಡ ಹಾಗಮ್ಮಾ. ಮುಂದಿನ ಬ್ಯಾಚಿಂದ ಸರಿ ಮಾಡಿ. ಹಿಂದಿನದು ಯಾರ್ ಕೇಳ್ತಾರೆ?”

“ಒಬ್ರು ಗೇಟಲ್ಲಿ ನಿಂತು ಕೇಳ್ತಿದಾರೆ ಸರ್.”

ಪೇಪರ್‌ವೇಟ್ ತಿರುಗಿಸುತ್ತಾ ಕೂತರು. ಕೊನೆಗೆ “ಪೆಂಡಿಂಗ್ ಎಷ್ಟಾಗುತ್ತೆ?” ಎಂದರು. ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿ ಹಗುರಾದದ್ದು ಇದೇ ಮೊದಲು. ಹತ್ತೊಂಬತ್ತು ಸರ್ ಎಂದೆ. ಹಳೆಯದನ್ನೆಲ್ಲ ಮತ್ತೆ ಓಡಿಸಲು ಒಪ್ಪಿಗೆ. ಟ್ಯೂಬಿಗೆ ನನ್ನ ಮೇಲೆ ಮೆಮೊ. ಕೊಡಲಿ. ಕೊಡಬೇಕಾದದ್ದೇ.

ಜೂನ್ 11, ಬುಧವಾರ

ಎರಡು ಟ್ಯೂಬು ಅವಧಿ ಮುಗಿದು ನಾಶವಾಗಿದ್ದವು. ಉಳಿದ ಹದಿನೇಳನ್ನು ಓಡಿಸಿದೆವು.

ಹನ್ನೊಂದು ಜನರಲ್ಲಿ ಹೊಸ ಮಾತ್ರೆ ಇತ್ತು. ಎಷ್ಟಿರಬೇಕೋ ಅಷ್ಟು. ಹೇಳಿದ ಹಾಗೆ ನುಂಗಿದ್ದರು. ಆರು ಜನರಲ್ಲಿ ನಿಜವಾಗಿಯೂ ಇಲ್ಲ, ನಡುವೆಯೇ ಬಿಟ್ಟವರು.

ಆರು ಕಡಿಮೆಯೇನಲ್ಲ. ಟಿಪ್ಪಣಿ ಪೂರ್ತಿ ಸುಳ್ಳಲ್ಲ. ಕನ್ನಡಕ ಅದನ್ನೇ ಹೇಳಿ ಸಮಾಧಾನ ಮಾಡಿದರು. ಆದರೆ ಆ ಹನ್ನೊಂದು ಜನ... ಮಾತು ಕೇಳಿದರು, ಡಾಕ್ಟರ ಹತ್ತಿರ ಹೋದರು, ದಿನವೂ ನುಂಗಿದರು, ಬದುಕಲು ತಮ್ಮ ಪಾಲಿನ ಕೆಲಸ ಮಾಡಿದರು. ಸತ್ತ ಮೇಲೆ ನಾನು ಅವರನ್ನು ಸುಳ್ಳರನ್ನಾಗಿ ಮಾಡಿದೆ. ಫ್ರೀಜರ್ ಕೋಣೆಗೆ ಹೋಗಿ ಅತ್ತೆ. ಅಲ್ಲಿ ಸದ್ದು ಹೊರಗೆ ಕೇಳುವುದಿಲ್ಲ.

ಎಂಟನೆಯದು ದರ್ಜಿಯ ಹೆಂಡತಿಯದು. ಇತ್ತು.

ಮನೆಯಲ್ಲಿ ಈಗ ಮಾತ್ರೆ ತಂಗಿಯೇ ತೆಗೆದುಕೊಳ್ಳುತ್ತಾಳೆ. ನಾನು ಬೇರೆ ಕಡೆ ನೋಡುತ್ತೇನೆ.

ಜೂನ್ 13, ಶುಕ್ರವಾರ, ಮಧ್ಯಾಹ್ನ

ತಿದ್ದಿದ ರಿಪೋರ್ಟು ನಿನ್ನೆಯೇ ಹೋಯಿತು. ಕಾಗದ ತಲುಪಲು ಎಷ್ಟು ದಿನವೋ. ಸಾಹೇಬರನ್ನು ಕೇಳಿ, ಅವರ ಕೋಣೆಯಲ್ಲೇ ದರ್ಜಿಯನ್ನು ಕೂರಿಸಿದೆ. ಕುರ್ಚಿಯ ತುದಿಯಲ್ಲಿ ಕೂತರು.

“ನಿಮ್ಮ ಮನೆಯವರ ರಕ್ತದಲ್ಲಿ ಮಾತ್ರೆ ಇತ್ತು. ನೀವು ಕೊಟ್ಟಿದ್ದು ಸೇರಿತ್ತು. ತಪ್ಪು ನಮ್ಮದು. ನನ್ನದು.”

ಬೈಯುತ್ತಾರೆ ಎಂದು ಕಾದೆ. ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತರು.

“ಉಗುಳ್ಲಿಲ್ಲ ಹಾಗಾದ್ರೆ.”

“ಇಲ್ಲ.”

“ನನ್ ಮೇಲೆ ನಂಬಿಕೆ ಇಟ್ಟು ನುಂಗಿದ್ಲು.”

“ಹೌದು.”

ಕಣ್ಣೊರೆಸಿಕೊಂಡರು. ಎದ್ದು ನಿಂತವರು ಮತ್ತೆ ಕೂತರು.

“ಇಷ್ಟು ದಿನ ಅವಳ್ನೇ ಬೈಕೊಂಡೆ ಅಮ್ಮಾ. ಮೋಸ ಮಾಡಿದ್ಲು ಅಂತ. ಈಗ ಯಾರನ್ನ ಬೈಲಿ? ಬೆಳಗ್ಗೆ ಎದ್ದು ಒಂದೇ ಮಾತು ಕೇಳ್ತಿದ್ದೆ — ಮಾತ್ರೆ ಆಯ್ತಾ? ಆಯ್ತು ಅಂತಿದ್ಲು. ನಾನು ಅಂಗಡಿಗೆ ಹೋಗ್ತಿದ್ದೆ. ಮನಸ್ಸಲ್ಲಿ ಏನಿದೆ ಅಂತ ಕೇಳಿದೋನೇ ಅಲ್ಲ. ಕೇಳೋಕೆ ಹೆದರಿಕೆ.”

ನಿಮ್ಮ ತಪ್ಪಲ್ಲ ಎಂದೆ. ಮನಸಾರೆ ಹೇಳಿದೆ. ಇಂಥ ದುಃಖದವರು ಕೂತು ಮಾತಾಡುವ ಜಾಗವೊಂದು ಸರ್ಕಾರಿ ಆಸ್ಪತ್ರೆಯಲ್ಲಿದೆ, ಅಲ್ಲಿನ ನಂಬರ್ ಬರೆದುಕೊಟ್ಟೆ. ಮಡಿಚಿ ಜೇಬಿಗಿಟ್ಟುಕೊಂಡರು. ಗೇಟಿನವರೆಗೆ ಜೊತೆಗೆ ಹೋದೆ.

ಎರಡು ವರ್ಷ ನಾನೂ ಅದೊಂದೇ ಮಾತು ಕೇಳಿದ್ದೇನೆ. ‘ತಗೊಂಡ್ಯಾ?’

ಅರ್ಧ ದಿನ ರಜೆ ಹಾಕಿ ಹೊರಟೆ.

ಅದೇ ದಿನ, ಸಂಜೆ 6

ಕೇಳಿದೆ.

ಬಸ್ಸಿನಲ್ಲಿ ಹತ್ತು ಸಲ ಬಾಯಲ್ಲೇ ಅಭ್ಯಾಸ ಮಾಡಿಕೊಂಡೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಅವಳ ಎದುರು ಕೂತು, ಸ್ಕೇಲಿನ ಮೇಲೆ ಕೈಯಿಟ್ಟು, ನೇರವಾಗಿ ಕೇಳಿಬಿಟ್ಟೆ.

“ಸಾಯ್ಬೇಕು ಅನ್ಸುತ್ತಾ ನಿಂಗೆ? ಈಗ್ಲೂ?”

ಪೆನ್ನಿನ ಮುಚ್ಚಳ ಹಾಕಿದಳು. ತೆಗೆದಳು. ಹಾಕಿದಳು.

“ಎರಡು ವರ್ಷ ಬೇಕಾಯ್ತಾ ನಿಂಗೆ ಇದನ್ನ ಕೇಳೋಕೆ?”

“ಕೇಳಿದ್ರೆ ನೆನಪಿಸಿದ ಹಾಗಾಗುತ್ತೇನೋ ಅಂತ ಭಯ.”

“ಮರೆತಿದ್ರೆ ತಾನೇ ನೆನಪಿಸೋದು?”

ಇಬ್ಬರಿಗೂ ನಗು ಬಂತು. ನಗು ಅಳುವಾಯಿತು. ಹಾಗೇ ಕೂತಿದ್ದೆವು.

“ಬರುತ್ತೆ,” ಅಂದಳು. “ದಿನಾ ಅಲ್ಲ. ಮೊದ್ಲಿನ ಹಾಗೆ ಅಲ್ವೇ ಅಲ್ಲ. ಮಾತ್ರೆ ಕೆಲ್ಸ ಮಾಡ್ತಿದೆ, ಅದಕ್ಕೇ ಬಂದ್ರೂ ಅರ್ಧ ಗಂಟೆ ಇದ್ದು ಹೋಗುತ್ತೆ. ನೀನು ಬಾಯಿ ತೆಗಿ ಅಂದ್ಯಲ್ಲ, ಅವತ್ತು ಬಂದಿತ್ತು. ಹೋಗೋಕೆ ತುಂಬಾ ಹೊತ್ತು ತಗೊಳ್ತು.”

“ಯಾಕೆ ಹೇಳ್ಲಿಲ್ವೇ?”

“ಹೇಳಿದ್ರೆ ಇನ್ನೊಂದು ಟ್ಯೂಬ್ ತೆಗಿಸ್ತಿದ್ದೆ.”

ಹೌದು. ತೆಗೆಸುತ್ತಿದ್ದೆ.

ಸೋಮವಾರ ಇಬ್ಬರೂ ಡಾಕ್ಟರ ಹತ್ತಿರ ಹೋಗುವುದು ಎಂದಾಯಿತು. ಈ ಮಾತನ್ನೇ ಅವರಿಗೂ ಹೇಳುತ್ತಾಳಂತೆ. ಒಳಗೆ ಹೋಗಿ ಮುಂದಿನ ತಿಂಗಳಿಗೆಂದು ತಂದಿದ್ದ ಮಾತ್ರೆಗಳನ್ನೆಲ್ಲ ತಂದು ನನ್ನ ಕೈಗಿಟ್ಟಳು. “ನಿನ್ ಹತ್ರ ಇರ್ಲಿ. ನಾನೇ ಕೊಡ್ತಿದೀನಿ, ನೀನು ಕಿತ್ಕೊಂಡಿದ್ದಲ್ಲ. ತಿಳ್ಕೋ.”

ತಿಳಿದುಕೊಂಡೆ.

“ಇನ್ನೊಂದು. ಅದು ಬಂದಾಗ ಕೂಗ್ತೀನಿ. ‘ಅಕ್ಕಾ ಬಾ’ ಅಂತ, ಅಷ್ಟೇ. ಯಾಕೆ ಏನು ಅಂತ ಕೇಳ್ಬಾರ್ದು, ಬೋಧನೆ ಮಾಡ್ಬಾರ್ದು. ಸುಮ್ನೆ ಬಂದು ಪಕ್ಕ ಕೂರ್ಬೇಕು.”

“ಬರ್ತೀನಿ.”

“ಬಾಯಲ್ಲಿ ಹೇಳೋದು ಸುಲಭ. ಏನೇ ಶುರು ಮಾಡಿದ್ರೂ ಮುಗಿಸ್ದೇ ಏಳೋಳಲ್ಲ ನೀನು. ಅಮ್ಮ ಊಟಕ್ಕೆ ಕರೆದು ಕರೆದು ಗಂಟಲು ಹರ್ಕೊಳ್ತಿದ್ಲು.”

“ಎದ್ದು ಬರ್ತೀನಿ ಕಣೇ.”

“ನೋಡೋಣ.”

ಜೂನ್ 16, ಸೋಮವಾರ

ಡಾಕ್ಟರು ಮುಕ್ಕಾಲು ಗಂಟೆ ಅವಳ ಜೊತೆ ಮಾತಾಡಿದರು. ನಾನು ಹೊರಗೆ ಕೂತಿದ್ದೆ. ಒಳಗೆ ಏನಾಯಿತು ಎಂದು ಕೇಳಲಿಲ್ಲ. ಕೇಳದಿರುವುದಕ್ಕೆ ಎಷ್ಟು ಶಕ್ತಿ ಬೇಕು! ವಾರಕ್ಕೊಮ್ಮೆ ಬರಬೇಕಂತೆ. ದಾರಿಯಲ್ಲಿ ಅವಳೇ ಹೇಳಿದಳು, “ನಿನ್ ಮೇಲೆ ಇನ್ನೂ ಸಿಟ್ಟಿದೆ.” ಇರಲಿ ಎಂದೆ. “ಇರುತ್ತೆ, ನೀನೇನು ಪರ್ಮಿಷನ್ ಕೊಡೋದು,” ಅಂದಳು.

ಸುಸ್ತು. ಆದರೆ ಬೇರೆ ಸುಸ್ತು.

ಜೂನ್ 19, ಗುರುವಾರ, ಸಂಜೆ 5.40

ಇವತ್ತು ಬೇಗ ಮನೆಗೆ ಬಂದು ಇಲಾಖೆಗೆ ಎರಡನೆಯ ಟಿಪ್ಪಣಿ ಬರೆಯುತ್ತಿದ್ದೇನೆ. ಸುತ್ತೋಲೆ ತಡೆಹಿಡಿದಿದ್ದಾರೆ. ರಿಪೋರ್ಟಿನ ನಮೂನೆಗೆ ಎರಡು ಗೆರೆ ಸೇರಿಸಲು ಸಾಹೇಬರು ಗೊಣಗುತ್ತಲೇ ಸಹಿ ಹಾಕಿದರು. ಬರೆದುಕೊಟ್ಟ ಮಾತ್ರೆಯ ಹೆಸರೇನು, ಅದನ್ನು ನಾವು ಹುಡುಕಿದೆವೋ ಇಲ್ಲವೋ. ಕನ್ನಡಕ ಹಳೆಯ ಲಿಸ್ಟಿನ ತಲೆಬರಹದಿಂದ ‘ಎಲ್ಲ’ ಎಂಬುದನ್ನು ಬಿಳಿ ಶಾಯಿ ಹಚ್ಚಿ ಅಳಿಸಿದರು.

ತಂಗಿ ಒಳಗಿದ್ದಾಳೆ. ಬೆಳಗಿನಿಂದ ಮಂಕಾಗಿದ್ದಾಳೆ. ಮಾತಾಡಿಸಿದೆ, ಆಮೇಲೆ ಅಂದಳು.

ಟಿಪ್ಪಣಿಯ ಕೊನೆಯ ಪ್ಯಾರಾ ಇನ್ನೂ ಕೂತಿಲ್ಲ. ಮೂರು ಸಲ ಹೊಡೆದು ಹಾಕಿದೆ. ಟೈಪ್ ಮಾಡುವ ಮೊದಲು ಇಲ್ಲಿ ಬರೆದು ನೋಡುತ್ತೇನೆ. ಹೇಳಬೇಕಾದದ್ದು ಇಷ್ಟು. ಮಾತ್ರೆ ಬಿಟ್ಟವರು ಆರು ಜನ, ಅವರು ಯಾಕೆ ಬಿಟ್ಟರು ಎಂದು ಯಾರೂ ಕೇಳಿರಲಿಲ್ಲ. ಬಿಡದೆ ನುಂಗಿದವರು ಹನ್ನೊಂದು ಜನ, ಅವರನ್ನೂ ಯಾರೂ ಏನೂ ಕೇಳಿರಲಿಲ್ಲ. ಎರಡೂ ಗುಂಪಿನವರ ವಿಷಯದಲ್ಲೂ ರಕ್ತ ಹೇಳುವುದು ಮಾತ್ರೆಯ ಮಾತನ್ನು ಮಾತ್ರ. ಆದ್ದರಿಂದ ಮನೆಯವರಿಗೂ ವೈದ್ಯರಿಗೂ ನಮ್ಮ ವಿಭಾಗದ ಸಲಹೆ ಏನೆಂದರೆ, ಮೊದಲನೆಯದಾಗಿ, ಇಂಥವರನ್ನು

ಅಕ್ಕಾ ಬಾ ಅಂದಳು. ಹೋ